ಹದಿನಾಲ್ಕು ರಾಜ್ಯ ಬದಿಗಿಡು, ಒಂದು ಹರಿಗೋಲು ಹಿಡಿ

ಪ್ರಶ್ನೆ: ಅಕ್ಕಾ, ನಾನು ಸಿಂಧನೂರಿನವಳು. ಬಿ.ಎಸ್ಸಿ. ಮುಗಿಸಿ ಮನೆಯಲ್ಲಿದ್ದೀನಿ. ಮೂರು ವರ್ಷದಿಂದ ಒಂದು ಫ್ಯಾಂಟಸಿ ಕಾದಂಬರಿಯ ಲೋಕ ಕಟ್ಟುತ್ತಿದ್ದೀನಿ. 14 ರಾಜ್ಯ, ನಕಾಶೆ, ದೇವತೆಗಳ ವಂಶಾವಳಿ, ಮಂತ್ರಶಕ್ತಿಯ ನಿಯಮ ಎಲ್ಲ ಸೇರಿ ಎರಡು ಲಾಂಗ್ ನೋಟ್‌ಬುಕ್ ತುಂಬಿವೆ. ಆದರೆ ಕತೆ ಮೊದಲ ಅಧ್ಯಾಯ ದಾಟುತ್ತಿಲ್ಲ. ಪಾತ್ರಗಳು ಗೊಂಬೆಗಳ ಹಾಗೆ ಕಾಣುತ್ತವೆ. ಗೆಳತಿಯರು "ಯುದ್ಧ, ಲವ್ ಜಾಸ್ತಿ ಹಾಕು" ಅಂತಾರೆ, ಅಪ್ಪ "ದೊಡ್ಡೋರು ಓದುವಂಥದ್ದು ಬರಿ" ಅಂತಾರೆ. ನಾನು ಎಲ್ಲಿಂದ ಶುರು ಮಾಡಬೇಕು? ಏನು ಓದಬೇಕು?

ಉತ್ತರ: ಅಕ್ಕ ಅಂತ ಕರೆದಿದ್ದೀಯ, ಹಾಗಾಗಿ ನಾನೂ ತಂಗಿ ಅಂತಲೇ ಬರೆಯುತ್ತೇನೆ. ನೀನು ಕಳಿಸಿದ ನಕಾಶೆಯನ್ನು ಗಂಗಾವತಿಯ ನಮ್ಮ ಮನೆಯ ಪಡಸಾಲೆಯಲ್ಲಿ ಹರಡಿಕೊಂಡು ಎರಡು ಸಂಜೆ ನೋಡಿದೆ. ಬೆಟ್ಟದ ಸಾಲು, ನದಿಯ ತಿರುವು, ಒಂದೊಂದು ರಾಜ್ಯಕ್ಕೆ ಒಂದೊಂದು ಬಣ್ಣ. ಇಷ್ಟು ತಾಳ್ಮೆ ಇರುವವಳು ಕಾದಂಬರಿ ಬರೆದೇ ಬರೆಯುತ್ತಾಳೆ. ನೋಡುತ್ತಿದ್ದಾಗ ನನಗೆ ಮತ್ತೆ ಮತ್ತೆ ಬಂದ ಪ್ರಶ್ನೆ ಬೇರೆ. ಈ ಊರುಗಳಲ್ಲಿ ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ? ಯಾವ ಗುಡ್ಡದ ಬಗ್ಗೆ ಎರಡು ಓಣಿಯವರು ಎರಡು ಕತೆ ಹೇಳುತ್ತಾರೆ? ನಿನ್ನ ನೋಟ್‌ಬುಕ್ಕಿನಲ್ಲಿ ಪ್ರತಿಯೊಂದಕ್ಕೂ ಒಂದೇ ಉತ್ತರ ಇದೆ, ಅದನ್ನು ಎಲ್ಲರೂ ಒಪ್ಪಿಕೊಂಡಿದ್ದಾರೆ. ನಿನ್ನ ಕತೆ ಸಿಕ್ಕಿಹಾಕಿಕೊಂಡಿರುವುದು ಅಲ್ಲೇ ಅಂತ ನನಗೆ ಅನಿಸುತ್ತದೆ.

ನನ್ನ ಮೊದಲ ಕಾದಂಬರಿಯೂ ಹೀಗೆಯೇ ನಿಂತಿತ್ತು. ದೇವರುಗಳ ಪಟ್ಟಿ ಇತ್ತು, ರಾಜರ ಪಟ್ಟಿ ಇತ್ತು, ಕತೆ ಇರಲಿಲ್ಲ. ಒಂದು ಮಧ್ಯಾಹ್ನ ಮನಸ್ಸು ಕೆಟ್ಟು ಹಿರೇಬೆಣಕಲ್ ಗುಡ್ಡ ಹತ್ತಿದೆ. ಗಂಗಾವತಿಯಿಂದ ಹತ್ತು ಕಿಲೋಮೀಟರ್ ಅಷ್ಟೇ, ನೀನೂ ಒಮ್ಮೆ ಬಾ. ಮೇಲೆ ಹೋದರೆ ಕಲ್ಲಿನ ಗೂಡುಗಳದೇ ಒಂದು ಊರು. ನಾಲ್ಕು ಕಡೆ ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ್ದಾರೆ, ಕೆಲವಕ್ಕೆ ದುಂಡನೆ ಕಿಂಡಿ ಕೊರೆದಿದ್ದಾರೆ. ಇಂಥವು ನೂರಾರು. ಪುರಾತತ್ವದವರು ಇವನ್ನು ಬೃಹತ್ ಶಿಲಾಯುಗದ, ಎರಡು ಸಾವಿರ ವರ್ಷಕ್ಕೂ ಹಳೆಯ, ಸತ್ತವರಿಗಾಗಿ ಕಟ್ಟಿದ ನೆಲೆಗಳು ಅನ್ನುತ್ತಾರೆ. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಇವು ಸೇರಿದವು. ಸುತ್ತಲಿನ ಹಳ್ಳಿಯವರಿಗೆ ಇವು ಮೊರೇರ ಮನೆ.

ಅಲ್ಲಿ ಒಬ್ಬ ಕುರಿ ಕಾಯುವ ಅಜ್ಜ ಕೂತಿದ್ದ, ಜೊತೆಗೆ ಮೊಮ್ಮಗ. "ಮೊರೇರು ಅಂದ್ರ ಗಿಡ್ಡ ಮಂದಿರಿ, ಬಾಳ ಗಟ್ಟಿಗರು. ಈ ಬಂಡಿಗಲ್ಲು ಅವರಿಗೆ ಹಪ್ಪಳ ಇದ್ದಂಗ" ಅಂದ ಅಜ್ಜ. ಹುಡುಗ ಸುಮ್ಮನಿರಲಿಲ್ಲ. "ಅಷ್ಟು ಗಿಡ್ಡ ಇದ್ರ ಮ್ಯಾಲಿನ ಬಂಡಿ ಹೆಂಗ ಎತ್ತಿಟ್ರು?" ಅಂತ ಕೇಳಿದ. ಅಜ್ಜನಿಗೆ ಸಿಟ್ಟು ಬಂತು, ಎದ್ದು ಕುರಿಗಳ ಕಡೆ ಹೋದ. ಹುಡುಗ ನನ್ನ ಹತ್ತಿರ ಬಂದು ಗುಟ್ಟಿನ ಹಾಗೆ ಹೇಳಿದ: "ಗಿಡ್ಡ ಇದ್ದಿದ್ದು ಅವರ ಮಕ್ಕಳಿರಬೇಕು."

ಒಂದೇ ಕಲ್ಲು. ಇಲಾಖೆಯ ಉತ್ತರ ಒಂದು, ಅಜ್ಜನದು ಒಂದು, ಅಜ್ಜನನ್ನು ನೋಯಿಸಿದ್ದಕ್ಕೆ ಬೇಜಾರಾಗಿ ಅದನ್ನು ಸರಿಮಾಡಲು ಹುಡುಗ ಆಗತಾನೇ ಕಟ್ಟಿದ್ದು ಇನ್ನೊಂದು. ಆ ಮೂರನೆಯದನ್ನು ಕೇಳಿದ ಮೇಲೆ ನನ್ನ ದೇವರುಗಳ ಪಟ್ಟಿ ನನಗೆ ಬೇಡವಾಯಿತು. ಲೋಕ ಅಂದರೆ ಒಂದೇ ಕಲ್ಲಿನ ಬಗ್ಗೆ ಜನ ಹೇಳುವ ಬೇರೆ ಬೇರೆ ಕತೆ, ಆ ಕತೆಗಳ ನಡುವಿನ ಸಿಟ್ಟು ಮತ್ತು ಪ್ರೀತಿ. ಇವತ್ತಿಗೂ ನಾನು ಬರೆಯುವುದು ಇದನ್ನು ನಂಬಿಕೊಂಡೇ.

ಬಳ್ಳಾರಿ ಕಡೆ ಹೋದರೆ ಇನ್ನೂ ದೊಡ್ಡ ಉದಾಹರಣೆ ಇದೆ. ಕುಡತಿನಿ, ಸಂಗನಕಲ್ಲು ಸುತ್ತಮುತ್ತ ಬೂದಿದಿಬ್ಬಗಳಿವೆ. ಭೀಮ ಹಿಡಿಂಬಾಸುರನನ್ನು ಕೊಂದು ಸುಟ್ಟ ಬೂದಿ ಅದು ಅಂತ ಆ ಕಡೆಯ ಮಾತು. ಹಂಪಿ ಪಕ್ಕದ ನಿಂಬಾಪುರದ ದಿಬ್ಬಕ್ಕೆ ಬಂದರೆ ಕತೆ ರಾಮಾಯಣಕ್ಕೆ ಹೊರಳುತ್ತದೆ, ಅಲ್ಲಿ ಸುಟ್ಟಿದ್ದು ವಾಲಿಯನ್ನು. ಪುರಾತತ್ವದವರು ಅಗೆದು ನೋಡಿ ಹೇಳಿದ್ದು, ಇವು ನಾಲ್ಕೈದು ಸಾವಿರ ವರ್ಷದ ಹಿಂದಿನ ದನದ ದೊಡ್ಡಿಗಳು ಅಂತ. ಸಗಣಿ ರಾಶಿ ಬೀಳುತ್ತಿತ್ತು, ಅದಕ್ಕೆ ಬೆಂಕಿ ಹಾಕುತ್ತಿದ್ದರು, ಮತ್ತೆ ದನ ಕಟ್ಟುತ್ತಿದ್ದರು, ಮತ್ತೆ ಸುಡುತ್ತಿದ್ದರು. ರೇಮಂಡ್ ಆಲ್ಚಿನ್ ಅವರು ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಅಗೆದಾಗ ದನದ ಗೊರಸಿನ ಗುರುತೇ ಸಿಕ್ಕಿತು. ಈಗ ಯೋಚಿಸು. ನಿನ್ನ ಕಾದಂಬರಿಯಲ್ಲಿ ಇಂಥ ಒಂದು ದಿಬ್ಬ ಇದೆ. ಪೂಜಾರಿಗೆ ಅದು ರಾಕ್ಷಸನ ಬೂದಿ, ಅವನ ಹೊಟ್ಟೆ ನಡೆಯುವುದೇ ಅದರಿಂದ. ಗೊಲ್ಲರ ಹೆಂಗಸಿಗೆ ಅದು ಸಗಣಿ ಅಂತ ಗೊತ್ತು, ಯಾಕೆಂದರೆ ಬೂದಿಯ ವಾಸನೆ ಅವಳಿಗೆ ಗೊತ್ತು. ಬಾಯಿ ಬಿಟ್ಟರೆ ಜಾತ್ರೆ ನಿಲ್ಲುತ್ತದೆ, ಜಾತ್ರೆ ನಿಂತರೆ ಅವಳ ಹಾಲು, ಬೆಣ್ಣೆ ಯಾರಿಗೆ ಮಾರಬೇಕು? ಇಷ್ಟಕ್ಕೇ ಒಂದು ಅಧ್ಯಾಯ ನಡೆಯುತ್ತದೆ. ಮಂತ್ರ ಇನ್ನೂ ಬಂದೇ ಇಲ್ಲ ನೋಡು.

ಇನ್ನು ನಿನ್ನ 14 ರಾಜ್ಯ. ಅಷ್ಟು ಬೇಕಿಲ್ಲ, ಎರಡು ಸಾಕು, ನಡುವೆ ಒಂದು ಹೊಳೆ. ನಾನು ಇದನ್ನು ಗಟ್ಟಿಯಾಗಿ ಹೇಳುವುದಕ್ಕೆ ಕಾರಣ ನಮ್ಮ ಹೊಳೆಯೇ. 1948ರ ಸೆಪ್ಟೆಂಬರ್‌ವರೆಗೆ ತುಂಗಭದ್ರೆಯ ಈ ದಂಡೆಯ ಆನೆಗೊಂದಿ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಆಚೆ ದಂಡೆಯ ಹಂಪಿ ಇದ್ದದ್ದು ಬಳ್ಳಾರಿ ಜಿಲ್ಲೆಯಲ್ಲಿ, ಅಂದರೆ ಮದ್ರಾಸ್ ಪ್ರಾಂತದಲ್ಲಿ. ಈ ಕಡೆ ಕಚೇರಿಯ ಭಾಷೆ ಉರ್ದು, ಆ ಕಡೆ ಇಂಗ್ಲಿಷ್. ಈ ಕಡೆ ನಿಜಾಮರದೇ ರೂಪಾಯಿ, ಹಾಲಿ ಸಿಕ್ಕಾ. ಆ ಕಡೆಯದು ಬ್ರಿಟಿಷರ ರೂಪಾಯಿ, ಕಲ್ದಾರ್. ಎರಡಕ್ಕೂ ಬೆಲೆ ಒಂದಲ್ಲ, ಏಳು ಹಾಲಿ ಸಿಕ್ಕಾ ಕೊಟ್ಟರೆ ಹೆಚ್ಚುಕಡಿಮೆ ಆರು ಕಲ್ದಾರ್. ನಡುವೆ ಇದ್ದದ್ದು ಒಂದು ಹರಿಗೋಲು. ಮಗಳನ್ನು ಆಚೆ ದಂಡೆಗೆ ಕೊಟ್ಟವರು, ಆಚೆಯ ಸಂತೆಗೆ ಕರು ಹೊಡೆದುಕೊಂಡು ಹೋಗುವವರು, ಹಂಪಿ ಜಾತ್ರೆಗೆ ಹೋಗುವವರು ಎಲ್ಲ ಅದರಲ್ಲೇ ಕೂರಬೇಕು. ನಿಜಾಮರ ಪರ ನಿಂತ ಖಾಸಗಿ ಪಡೆ ರಜಾಕಾರರ ಹಾವಳಿಯ ದಿನಗಳಲ್ಲಿ ಸಂಸ್ಥಾನದ ಎಷ್ಟೋ ಕುಟುಂಬಗಳು ಗಡಿ ದಾಟಿ ಆಚೆ ಹೋಗಿ ಉಳಿದುಕೊಂಡವು. ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂದದ್ದು 1953ರಲ್ಲಿ, ಆನೆಗೊಂದಿ ಆಗ ಇದ್ದ ರಾಯಚೂರು ಜಿಲ್ಲೆ ಬಂದು ಸೇರಿದ್ದು 1956ರಲ್ಲಿ. ಅಲ್ಲಿಯವರೆಗೆ ಹರಿಗೋಲಿನ ಅಂಬಿಗನಿಗೆ ಒಂದು ದಂಡೆಯಿಂದ ಇನ್ನೊಂದಕ್ಕೆ ಹೋಗುವುದೆಂದರೆ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಹೋದಂತೆ.

ಇದರಲ್ಲಿ ಕಲ್ಪನೆ ಒಂದು ಹನಿಯೂ ಇಲ್ಲ. ಆದರೆ ನಿನ್ನ ನಕಾಶೆಯ 14 ಬಣ್ಣಗಳಿಗಿಂತ ಈ ಒಂದು ಹೊಳೆಯಲ್ಲಿ ಕತೆ ಹೆಚ್ಚಿದೆ, ಯಾಕೆಂದರೆ ಇಲ್ಲಿ ಗಡಿ ಒಬ್ಬ ಮನುಷ್ಯನ ಜೇಬಿನವರೆಗೆ ಬರುತ್ತದೆ. ನಿನ್ನ ರಾಜ್ಯಗಳ ಗಡಿ ಯಾರ ಜೇಬಿಗೆ, ಯಾರ ಅಡುಗೆಮನೆಗೆ, ಯಾರ ಮದುವೆಗೆ ಬರುತ್ತದೆ ಅಂತ ಕೇಳಿಕೋ. ಎಲ್ಲಿಗೂ ಬರದ ಗಡಿಯನ್ನು ಅಳಿಸಿಬಿಡು.

ಹಣದ ಮಾತು ಬಂತು, ಸ್ವಲ್ಪ ನಿಲ್ಲುತ್ತೇನೆ. ನಾವು ಫ್ಯಾಂಟಸಿ ಬರೆಯುವವರು ಯುದ್ಧ ಬರೆಯುತ್ತೇವೆ, ಸಂಬಳ ಬರೆಯುವುದಿಲ್ಲ. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದ. ಆ ಯುದ್ಧದ ಬಗ್ಗೆ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ಕೋಟೆಯ ಗೋಡೆಯಿಂದ ಕಲ್ಲು ಕಿತ್ತು ತಂದ ಸೈನಿಕರಿಗೆ ಕಲ್ಲಿನ ಗಾತ್ರ ನೋಡಿ ಹಣ ಕೊಡುತ್ತಿದ್ದರಂತೆ. ದೊಡ್ಡ ಕಲ್ಲಿಗೆ ಹೆಚ್ಚು, ಸಣ್ಣದಕ್ಕೆ ಕಡಿಮೆ. ಮೇಲಿನಿಂದ ಬಾಣ, ಕಲ್ಲು ಬೀಳುತ್ತಿರುವಾಗ ಕೆಳಗೆ ಒಬ್ಬ ಹಾರೆ ಹಾಕಿ ಮೀಟುತ್ತಿದ್ದಾನೆ, ಅವನ ತಲೆಯಲ್ಲಿ ಈ ಕಲ್ಲಿಗೆ ಎಷ್ಟು ಸಿಗಬಹುದು ಅನ್ನುವ ಲೆಕ್ಕ ಓಡುತ್ತಿದೆ. ಗೋಡೆ ಮೇಲಿಂದ ಬಗ್ಗಿ ನೋಡಿದವರಿಗೆ ರಾಯನ ಕಡೆಯ ಪೋರ್ಚುಗೀಸ್ ಬಂದೂಕುದಾರರು ಗುರಿ ಇಡುತ್ತಿದ್ದರು, ಹಾರೆ ಹಿಡಿದವರು ಗೋಡೆಯ ಹತ್ತಿರ ಹೋಗಲು ಅದೇ ಆಸರೆ. ಬಂದೂಕು ಆ ಕಾಲಕ್ಕೆ ಮಂತ್ರದಷ್ಟೇ ಹೊಸದು ಅಂದುಕೋ. ಆದರೂ ಗೋಡೆ ಕೆಡವಿದ್ದು ಹಾರೆ. ನಿನ್ನ ಕಾದಂಬರಿಯ ಮಂತ್ರವಾದಿಗಳ ಪಕ್ಕದಲ್ಲಿ ಹಾರೆಯವರು ಎಲ್ಲಿದ್ದಾರೆ?

ಅದೇ ನೂನಿಜ್ ಇನ್ನೊಂದು ಮಾತು ಬರೆಯುತ್ತಾನೆ. ವಿಜಯನಗರದ ಅರಸ ಸಾಳುವ ನರಸಿಂಹನಿಗೆ ಕುದುರೆ ಎಷ್ಟು ಬೇಕಾಗಿದ್ದವೆಂದರೆ, ಹಡಗಿನಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಬದುಕಿದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನಂತೆ. ಆ ಒಂದು ಬಾಲದಲ್ಲಿ ಏನೇನಿದೆ ನೋಡು: ಒಳನಾಡಿನ ರಾಜ್ಯಕ್ಕೆ ಕರಾವಳಿಯ ಹಂಗು, ಕುದುರೆ ಸರಿಯಾಗಿ ಬೆಳೆಯದ ಹವೆ, ಉತ್ತರದ ಸುಲ್ತಾನರ ಭಯ, ವ್ಯಾಪಾರಿಯನ್ನು ಕಳೆದುಕೊಳ್ಳಬಾರದು ಅನ್ನುವ ಎಚ್ಚರ. ನೀನು ಮೂರು ಪುಟ "ಆರ್ಥಿಕ ವ್ಯವಸ್ಥೆ" ಅಂತ ಬರೆದಿದ್ದೀಯ. ಅದರ ಬದಲು ಇಂಥ ಒಂದು ಬಾಲ ಹುಡುಕು. ನಿನ್ನ ನಾಯಕ ಒಂದು ರಾತ್ರಿಯಲ್ಲಿ ಕುದುರೆ ಮೇಲೆ ಮೂರು ರಾಜ್ಯ ದಾಟುತ್ತಾನಲ್ಲ, ಆ ಕುದುರೆಗೆ ನೀರು ಎಲ್ಲಿ ಸಿಕ್ಕಿತು, ಹುರುಳಿ ಯಾರು ಬೇಯಿಸಿದರು ಅನ್ನುವುದೂ ಅಷ್ಟೇ ಮುಖ್ಯ.

ರಾಯಚೂರಿಗೆ ಹೋದಾಗ ಕೋಟೆಯ ಗೋಡೆಯಲ್ಲಿರುವ 1294ರ ಶಾಸನ ತಪ್ಪದೆ ನೋಡು. ನಲವತ್ತು ಅಡಿ ಮೀರಿದ ಒಂದೇ ಕಲ್ಲು. ಆ ಕಲ್ಲನ್ನು ಕೋಣಗಳು ಬಂಡಿಯಲ್ಲಿ ಎಳೆದು ತಂದ ಚಿತ್ರವನ್ನೂ ಅಲ್ಲೇ ಕೊರೆದಿದ್ದಾರೆ. ರಾಜನ ಹೆಸರಿನ ಜೊತೆ ಎಳೆದವರನ್ನೂ ಇಟ್ಟ ಆ ಶಿಲ್ಪಿಯ ಬಗ್ಗೆ ನನಗೆ ತುಂಬ ಗೌರವ.

ಮಂತ್ರಶಕ್ತಿಗೆ ಬರೋಣ. ನಿನ್ನ ನಿಯಮಗಳು ಗಣಿತದ ಹಾಗಿವೆ: ಐದು ಧಾತು, ಧಾತುವಿಗೆ ಒಂದು ಮಂತ್ರ, ಮಂತ್ರಕ್ಕೆ ಇಷ್ಟು ಶಕ್ತಿ ಖರ್ಚು. ತಪ್ಪಿಲ್ಲ. ಆದರೆ ನೀನು ಸಿಂಧನೂರಿನವಳು. ಶಕ್ತಿ ಅಂದರೆ ಏನು ಅಂತ ನಿನಗೆ ಎಡದಂಡೆ ಕಾಲುವೆ ಕಲಿಸಿರಬೇಕಲ್ಲ? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಆ ಒಂದು ವಾರ ನಮ್ಮ ಓಣಿಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ತುಂಬಿದ ಡ್ಯಾಮಿನ ನೀರು ಕಣ್ಣೆದುರೇ ಹರಿದು ಹೋಗುತ್ತಿತ್ತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ನೀರು ಉಳಿಸಲು ನೀರು ಬಿಡಬೇಕು. ಕೊನೆಗೆ ಹರಿಯುವ ನೀರಿನಲ್ಲೇ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ಬಾಯಿ ಮುಚ್ಚಿದರು. ಮೂರು ರಾಜ್ಯದ ರೈತರ ಬದುಕು ನಿಂತಿದ್ದು ಒಂದು ಚೈನಿನ ಕೊಂಡಿಯ ಮೇಲೆ.

ನಿನ್ನ ಲೋಕದ ಮಂತ್ರಕ್ಕೂ ಇಂಥ ಕೊಂಡಿ ಎಲ್ಲಿದೆ, ಅದಕ್ಕೆ ಎಣ್ಣೆ ಹಾಕುವ ಕೆಲಸ ಯಾರದು, ಅವನಿಗೆ ಎಷ್ಟು ತಿಂಗಳಿಂದ ಪಗಾರ ಆಗಿಲ್ಲ? ಮತ್ತೆ ಕಾಲುವೆಯ ಮೇಲ್ಭಾಗದವರು, ಕೊನೆಭಾಗದವರು ಅನ್ನುವ ಜಗಳ ನಿನಗೆ ಗೊತ್ತೇ ಇದೆ. ಗಂಗಾವತಿ, ಕಾರಟಗಿ ಕಡೆ ಭತ್ತದ ಗದ್ದೆ ತುಂಬಿ ನಿಂತಿರುವಾಗ ಮಾನ್ವಿ, ಸಿರವಾರದ ಕಡೆಯವರು ನೀರಿಗಾಗಿ ರಸ್ತೆಗೆ ಇಳಿಯುತ್ತಾರೆ. ಮಂತ್ರವೂ ಹಾಗೇ ಹರಿದು ಬರುವಂಥದ್ದಾದರೆ? ಬೆಟ್ಟದ ಬುಡದ ಊರಿನಲ್ಲಿ ದೀಪ ತಾನೇ ಹತ್ತಿಕೊಳ್ಳುತ್ತದೆ, ಕೊನೆಯ ಊರಿಗೆ ಬರುವಷ್ಟರಲ್ಲಿ ಒಂದು ಕಿಡಿಗೂ ಸಾಲದು. ಇದು ನಿನಗಷ್ಟೇ ಹೊಳೆಯಬಹುದಾದ ಲೋಕ. ಬೇರೆ ದೇಶದ ಲೇಖಕರಿಗೆ ಇದು ದಕ್ಕುವುದಿಲ್ಲ.

ಪಾತ್ರಗಳು ಗೊಂಬೆಗಳ ಹಾಗೆ ಅಂದಿದ್ದೀಯ. ನಮ್ಮ ಕಡೆಯ ತೊಗಲುಗೊಂಬೆ ಆಟ ನೋಡಿದ್ದೀಯೋ ಇಲ್ಲವೋ. ಅದರಲ್ಲಿ ಗೊಂಬೆಯ ಅಳತೆ ಅಂತಸ್ತಿನ ಮೇಲೆ ಹೋಗುತ್ತದೆ. ರಾಜ, ದೇವರು ಅಂದರೆ ದೊಡ್ಡ ಗೊಂಬೆ, ಆಳುಕಾಳು ಅಂದರೆ ಸಣ್ಣ ಗೊಂಬೆ. ಆದರೆ ಆಟದಲ್ಲಿ ಜನ ಎದ್ದು ಕೂರುವುದು ಕಿಳ್ಳೆಕ್ಯಾತ ಬಂದಾಗ. ಸಣ್ಣವನು, ಬಾಯಿಬಡುಕ, ಯಾರಿಗೂ ಅಂಜುವವನಲ್ಲ. ದೊಡ್ಡ ಗೊಂಬೆಗಳಿಗೆ ಹೇಳಲು ಬಾರದ್ದನ್ನು ಅವನು ಹೇಳುತ್ತಾನೆ. ನಿನ್ನ ಮೊದಲ ಅಧ್ಯಾಯದಲ್ಲಿ ರಾಜ, ರಾಣಿ, ಸೇನಾಪತಿ, ಗುರು ನಾಲ್ಕೂ ದೊಡ್ಡ ಗೊಂಬೆಗಳೇ. ಬಾಗಿಲು ತೆಗೆದ ಆಳಿಗೆ ಹೆಸರೂ ಇಲ್ಲ.

ಪಾತ್ರಕ್ಕೆ ಜೀವ ತುಂಬುವ ಒಂದು ಅಭ್ಯಾಸ ನನಗೆ ದೊಡ್ಡಾಟದಿಂದ ಸಿಕ್ಕಿತು. ವೇಷ ರಂಗಕ್ಕೆ ಬಂದ ಕೂಡಲೇ ಸಾರಥಿ ತಡೆದು ಕೇಳುತ್ತಾನೆ: ಬಂದಂಥಾ ತಾವು ಧಾರು? ತಮ್ಮ ನಾಮಾಂಕಿತವೇನು? ಈ ಸಭೆಗೆ ಬಂದ ಕಾರಣವೇನು? ಪಾತ್ರ ಮೀಸೆ ತಿರುವಿ ತನ್ನ ಕುಲ, ಬಲ, ಬಿರುದು ಎಲ್ಲ ಹೇಳಿಕೊಳ್ಳುತ್ತದೆ. ನಾನು ಪ್ರತಿ ಹೊಸ ಪಾತ್ರವನ್ನೂ ಹೀಗೆ ಸಾರಥಿಯ ಮುಂದೆ ನಿಲ್ಲಿಸಿ ಎರಡು ಪುಟ ಮಾತಾಡಿಸುತ್ತೇನೆ. ಆ ಪುಟ ಕಾದಂಬರಿಗೆ ಹೋಗುವುದಿಲ್ಲ. ನನಗೆ ಬೇಕಾದದ್ದು ಅವನು ಎಲ್ಲಿ ಸುಳ್ಳು ಹೇಳಿದ ಅನ್ನುವುದು. ಯಾವ ಪ್ರಶ್ನೆಗೆ ಬೇಗ ಉತ್ತರ ಕೊಟ್ಟ, ಯಾವುದಕ್ಕೆ ಸಾರಥಿಯನ್ನೇ ಗದರಿಸಿದ, ತಾಯಿಯ ಹೆಸರು ಬಂದಾಗ ಮಾತು ಎತ್ತ ಹೊರಳಿಸಿದ? ನಿನ್ನ ರಾಜಕುಮಾರ ಝೆರಾನ್‌ನನ್ನು ನಿಲ್ಲಿಸು. ಅವನು ಎಲ್ಲಕ್ಕೂ ನಿಜ ಹೇಳಿದರೆ ಅವನಲ್ಲಿ ಇನ್ನೂ ಯಾರೂ ವಾಸವಿಲ್ಲ.

ನಮ್ಮದೇ ಕುಮ್ಮಟದುರ್ಗದ ಗಂಡುಗಲಿ ಕುಮಾರರಾಮನ ಕತೆ ತೆಗೆದುಕೋ. ಹದಿನಾಲ್ಕನೆಯ ಶತಮಾನದ ವೀರ, ದೆಹಲಿಯ ಸೈನ್ಯದೊಡನೆ ಹೋರಾಡಿ ಸತ್ತವನು, ಜನಪದರ ಹಾಡಿನಲ್ಲಿ ಇವತ್ತಿಗೂ ಇದ್ದಾನೆ. ಮಲತಾಯಿ ಮೋಹಿಸುತ್ತಾಳೆ, ಅವನು ಒಲ್ಲೆ ಅನ್ನುತ್ತಾನೆ, ಅವಳ ಚಾಡಿ ಕೇಳಿ ಅಪ್ಪ ಕಂಪಿಲರಾಯ ಮಗನ ತಲೆ ತೆಗೆಯಲು ಹೇಳುತ್ತಾನೆ. ಮಂತ್ರಿ ಬೈಚಪ್ಪ ಅವನನ್ನು ಬಚ್ಚಿಟ್ಟು ಬೇರೆ ತಲೆ ತೋರಿಸುತ್ತಾನೆ. ಸಣ್ಣವಳಿದ್ದಾಗ ನನಗೆ ರಾಮನೇ ಇಷ್ಟ. ಈಗ ನನ್ನ ನಿದ್ದೆ ಕೆಡಿಸುವವನು ಬೈಚಪ್ಪ. ರಾಜನ ಎದುರು ದಿನಾ ನಿಲ್ಲಬೇಕು, ಮಗನನ್ನು ಕೊಂದೆ ಅಂತ ಅಳುವ ರಾಜನನ್ನು ಸಮಾಧಾನ ಮಾಡಬೇಕು, ಬದುಕಿದ್ದಾನೆ ಅಂತ ಹೇಳುವ ಹಾಗಿಲ್ಲ. ವೀರನ ಪಕ್ಕದಲ್ಲಿ ಗುಟ್ಟು ಹೊತ್ತು ನಿಂತವನು ಯಾರು ಅಂತ ಹುಡುಕಿದರೆ ಕತೆಯ ಬಾಗಿಲು ಅಲ್ಲೇ ಇರುತ್ತದೆ.

ನಿನ್ನ ಭವಿಷ್ಯವಾಣಿಯ ಬಗ್ಗೆ ಒಂದೇ ಮಾತು. ಎಂಟು ಪದ್ಯ, ಎಲ್ಲ ಸ್ಪಷ್ಟ, ಎಲ್ಲ ನಿಜವಾಗುತ್ತದೆ. ಮೈಲಾರದ ಕಾರಣಿಕ ಕೇಳಿದ್ದೀಯಲ್ಲ? ಉಪವಾಸವಿದ್ದ ಗೊರವಯ್ಯ ಬಿಲ್ಲು ಏರಿ "ಸದ್ದಲೇ" ಅಂದ ಕೂಡಲೇ ಲಕ್ಷ ಜನ ಉಸಿರು ಬಿಗಿಹಿಡಿಯುತ್ತಾರೆ. ಅವನು ನುಡಿಯುವುದು ನಾಲ್ಕೈದು ಪದ. ಆಮೇಲೆ ವರ್ಷಪೂರ್ತಿ ರೈತ ಅದನ್ನು ಮಳೆಗೆ ಹಚ್ಚುತ್ತಾನೆ, ವ್ಯಾಪಾರಿ ಪೇಟೆ ಧಾರಣೆಗೆ, ರಾಜಕೀಯದವರು ಕುರ್ಚಿಗೆ. ನಿನ್ನ ಎಂಟು ಪದ್ಯ ಹೊಡೆದುಹಾಕಿ ನಾಲ್ಕು ಪದ ಇಡು.

ಹೆಸರು, ಭಾಷೆ. ಝೆರಾನ್, ಏಲ್ಮಿರಾ ಅನ್ನುವ ಹೆಸರು ಯಾಕೆ ಅಂತ ನೀನೇ ಬರೆದಿದ್ದೀಯ: ಕನ್ನಡ ಹೆಸರಿಟ್ಟರೆ ಪುರಾಣದ ಹಾಗೆ ಕೇಳಿಸುತ್ತದೆ, ನಮ್ಮ ಕಡೆ ಮಾತು ಹಾಕಿದರೆ ಹಾಸ್ಯ ಆಗುತ್ತದೆ ಅಂತ. ಇದನ್ನು ಓದಿ ನನಗೆ ನೋವಾಯಿತು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಎಲ್ಲಿದೆ ಅಂತ ಹೇಳುವಾಗ ಹೆಸರಿಸಿದ ನಾಲ್ಕು ಊರಿನಲ್ಲಿ ಒಂದು ಕೊಪಣ, ಅಂದರೆ ನಮ್ಮ ಕೊಪ್ಪಳ. ಅದನ್ನು ಮಹಾನಗರ ಅಂತ ಕರೆದಿದ್ದಾರೆ. ಸಾವಿರ ವರ್ಷ ಮೇಲಾದ ಮೇಲೆ ಕೊಪ್ಪಳ, ರಾಯಚೂರಿನ ಹುಡುಗಿಯೊಬ್ಬಳು ತನ್ನ ಮಾತು ರಾಣಿಯ ಬಾಯಲ್ಲಿ ಹೊಂದುವುದಿಲ್ಲ ಅಂದುಕೊಳ್ಳಬೇಕಾ? ಸಿನಿಮಾದಲ್ಲಿ ನಮ್ಮ ಮಾತನ್ನು ನಗಿಸಲು ಬಳಸಿದ್ದಾರೆ, ನಿಜ. ಆ ಅಭ್ಯಾಸ ಮುರಿಯುವುದು ನಿನ್ನಂಥವರ ಕೈಯಲ್ಲೇ ಇದೆ. ಸಾಯುತ್ತಿರುವ ರಾಣಿ ಮಗಳಿಗೆ "ನೀ ಅಳಬ್ಯಾಡ, ಬಾಗಲಾ ಹಾಕ್ಕೊಂಡು ಬಾ" ಅಂದರೆ ಯಾರು ನಗುತ್ತಾರೆ?

ಊರ ಹೆಸರಿಗೆ ನಮ್ಮ ಬಸ್ಸಿನ ಬೋರ್ಡು ನೋಡು. ಬೆಣಕಲ್, ಮುದಗಲ್, ಸಂಗನಕಲ್ಲು, ತೋರಣಗಲ್ಲು. ಕಲ್ಲಿನ ಸೀಮೆಯಲ್ಲಿ ಊರಿನ ಹೆಸರು ಕಲ್ಲಿನಲ್ಲೇ ಮುಗಿಯುತ್ತದೆ. ಹಿರೇಬೆಣಕಲ್ ಇದ್ದರೆ ಚಿಕ್ಕಬೆಣಕಲ್ ಇರಲೇಬೇಕು, ಆ ಎರಡರ ನಡುವೆ ಅಣ್ಣತಮ್ಮಂದಿರ ಪಾಲಿನ ಕತೆ ತಾನಾಗಿ ಹುಟ್ಟುತ್ತದೆ. ಡ್ಯಾಮು ಬಂದ ಮೇಲೆ ಆಂಧ್ರದಿಂದ ಬಂದು ನೆಲೆಸಿದವರ ಊರುಗಳಿಗೆಲ್ಲ ಕೊನೆಯಲ್ಲಿ ಕ್ಯಾಂಪ್ ಅಂತ ಇದೆ, ಎಪ್ಪತ್ತು ವರ್ಷ ಕಳೆದರೂ ಕ್ಯಾಂಪೇ. ನಮ್ಮ ರಸ್ತೆ ಬದಿಯ ಮುಳ್ಳುಗಿಡಕ್ಕೆ ನಾಡೆಲ್ಲ ಬಳ್ಳಾರಿ ಜಾಲಿ ಅನ್ನುತ್ತದೆ, ಆದರೆ ಅದು ಬಂದದ್ದು ಅಮೆರಿಕ ಖಂಡದಿಂದ. ನಾವು ಕೆಂಪು ಚಟ್ನಿಗೆ ಅರೆಯುವ ಮೆಣಸಿನಕಾಯಿಯೂ ಅಷ್ಟೇ, ಪೋರ್ಚುಗೀಸರ ಹಡಗು ಬರುವ ಮುಂಚೆ ಇಲ್ಲಿ ಖಾರ ಅಂದರೆ ಕರಿಮೆಣಸು. ಹೊರಗಿನಿಂದ ಬಂದು ನಮ್ಮದೇ ಹೆಸರು ಹೊತ್ತ ಇಂಥ ಗಿಡ, ಇಂಥ ತಿನಿಸು ನಿನ್ನ ಲೋಕದಲ್ಲೂ ಒಂದೆರಡು ಇದ್ದರೆ ಅದಕ್ಕೆ ವಯಸ್ಸು ಬರುತ್ತದೆ. ಈಗ ನಿನ್ನಲ್ಲಿರುವುದು ಹಿಮ, ಓಕ್ ಮರ, ಪಾನಗೃಹ. ನೀನು ಹಿಮ ಮುಟ್ಟಿದ್ದೀಯಾ? ಏಪ್ರಿಲ್ ಮಧ್ಯಾಹ್ನ ಕಾದ ಬಂಡೆ ಮೇಲೆ ಬರಿಗಾಲಿಟ್ಟಿದ್ದೀಯ. ಅದನ್ನು ಬರಿ.

ಓದಿನ ವಿಚಾರ. ಇಂಗ್ಲಿಷ್ ಫ್ಯಾಂಟಸಿ ಓದಬೇಡ ಅಂತ ನಾನು ಹೇಳುವುದಿಲ್ಲ, ನಾನೂ ಹುಚ್ಚು ಹಿಡಿದ ಹಾಗೆ ಓದಿದವಳೇ. ದಪ್ಪ ಪುಸ್ತಕದಲ್ಲಿ ಕತೆಯ ಎಳೆ ಕಳೆದುಹೋಗದ ಹಾಗೆ ಹೇಗೆ ಹಿಡಿದಿದ್ದಾರೆ ಅನ್ನುವುದನ್ನು ಕಲಿ, ಅವರ ಮರ, ಅವರ ಋತು ಬಿಟ್ಟು ಬಾ. ಅದಕ್ಕಿಂತ ಹೆಚ್ಚಾಗಿ, ಕತೆಯಲ್ಲದ ಪುಸ್ತಕ ಓದು. ಜಿಲ್ಲಾ ಗ್ಯಾಸೆಟಿಯರ್, ಶಾಸನ ಸಂಪುಟ, ಪ್ರವಾಸಿಗರ ಬರಹ. ದಾನಶಾಸನದಲ್ಲಿ ಗಡಿ ಹೇಳುವ ಸಾಲುಗಳನ್ನು ಓದಿದರೆ ರೋಮಾಂಚನ ಆಗುತ್ತದೆ: ಮೂಡಲಿಗೆ ಹುಣಸೆಮರ, ತೆಂಕಲಿಗೆ ಕೆರೆಯ ಕೋಡಿ. ನಕಾಶೆಯನ್ನು ಬಾಯಿಂದ ಬರೆಯುವುದು ಹೀಗೆ.

ಅಪ್ಪನ ಮಾತಿಗೆ ನನಗೆ ಕೋಪವಿಲ್ಲ. ಆದರೆ ಅವರನ್ನೇ ಕೇಳು, ಹುಡುಗರಿದ್ದಾಗ ದೊಡ್ಡಾಟ ನೋಡಲು ಬೆಳತನಕ ಕಂಬಳಿ ಹೊದ್ದು ಕೂತಿದ್ದರೋ ಇಲ್ಲವೋ. ಆ ಕಣದಲ್ಲಿ ಮಕ್ಕಳು ಹತ್ತು ಗಂಟೆಗೇ ನಿದ್ದೆ ಹೋಗುತ್ತಿದ್ದರು. ರಾಕ್ಷಸ, ಮಾಯೆ, ಶಾಪ ಎಲ್ಲ ನೋಡುತ್ತಾ ಎಚ್ಚರವಿದ್ದವರು ಸಾಲ, ಬರ, ಮಗಳ ಮದುವೆ ಎಲ್ಲ ಹೊತ್ತಿದ್ದ ದೊಡ್ಡವರೇ. ದರೋಜಿಯ ಬುರ್ರಕಥಾ ಈರಮ್ಮ ಅಕ್ಷರ ಕಲಿಯದೆಯೇ ಎಷ್ಟೋ ಮಹಾಕಾವ್ಯಗಳನ್ನು ನೆನಪಿನಲ್ಲಿ ಇಟ್ಟುಕೊಂಡು 2014ರವರೆಗೆ ನಮ್ಮ ನಡುವೆ ಬದುಕಿದ್ದರು. ಅವರ ಎದುರು ಕೂತು ಕೇಳಿದವರೂ ದೊಡ್ಡವರೇ. ಗೆಳತಿಯರ ಮಾತಿನಲ್ಲೂ ಒಂದು ಸತ್ಯ ಇದೆ. ಅವರಿಗೆ ಯುದ್ಧವೇ ಬೇಕು ಅಂತಲ್ಲ, ಯಾರಿಗಾದರೂ ಏನಾದರೂ ಆಗಿಬಿಟ್ಟರೆ ಅನ್ನುವ ಭಯ ಬೇಕು, ಇಬ್ಬರು ಸೇರಲಿ ಅನ್ನುವ ಆಸೆ ಬೇಕು. ಕೊನೆಭಾಗದ ಊರಿನ ಒಂದು ಕಿಡಿಯ ಕತೆಯಲ್ಲೂ ಎರಡೂ ಸಿಗುತ್ತವೆ. ರುಚಿ ಬೇರೆಯವರದನ್ನು ನೋಡಿ ಬದಲಾಯಿಸಬೇಡ. ನಿನಗೆ ರಾಜವಂಶದ ಪಟ್ಟಿ ಇಷ್ಟವಾದರೆ ಅದೂ ಇರಲಿ, ಕಾದಂಬರಿ ಮುಗಿದ ಮೇಲೆ ಕೊನೆಯಲ್ಲಿ ಹಾಕಿಕೋ.

ಈ ತಿಂಗಳ ಕೆಲಸ ಹೇಳುತ್ತೇನೆ. ಎರಡೂ ನೋಟ್‌ಬುಕ್ ಟ್ರಂಕಿನಲ್ಲಿಡು, ಹರಿಯಬೇಡ, ಆಮೇಲೆ ಬೇಕಾಗುತ್ತವೆ. ಒಂದು ಹೊಳೆ, ಎರಡು ದಂಡೆ, ಎರಡು ನಾಣ್ಯ. ರಾತ್ರಿ. ಹರಿಗೋಲು ಹುಟ್ಟು ಹಾಕುವವಳು ಒಬ್ಬಳು ಹೆಂಗಸು, ನಿನ್ನ ಅಮ್ಮನ ವಯಸ್ಸಿನವಳು. ನಡುಹೊಳೆಯಲ್ಲಿ ಒಂದು ಬಂಡೆ ಇದೆ, ಅದರ ಬಗ್ಗೆ ಎರಡು ದಂಡೆಯಲ್ಲೂ ಬೇರೆ ಬೇರೆ ಕತೆ. ಝೆರಾನ್, ಅಥವಾ ಅವನಿಗೆ ನೀನು ಇಡುವ ಹೊಸ ಹೆಸರಿನವನು, ಓಡಿ ಬಂದು ಹತ್ತುತ್ತಾನೆ, ಬೆನ್ನಿಗೆ ಗಾಯ. ಬಂಡೆ ಹತ್ತಿರ ಬಂದಾಗ ಅವನು ಒಂದು ಕತೆ ಹೇಳುತ್ತಾನೆ. ಆ ಕತೆ ಕೇಳಿದ ಕೂಡಲೇ ಅವಳಿಗೆ ಇವನು ಯಾವ ದಂಡೆಯವನು ಅಂತ ಗೊತ್ತಾಗಿಹೋಗುತ್ತದೆ, ಅವನು ಹೇಳಿದ ಊರಿನವನಲ್ಲ ಅಂತಲೂ ಗೊತ್ತಾಗುತ್ತದೆ. ಅವಳು ಹುಟ್ಟು ನಿಲ್ಲಿಸುತ್ತಾಳೆ. ಹರಿಗೋಲು ನಿಂತಲ್ಲೇ ಮೆಲ್ಲಗೆ ತಿರುಗುತ್ತದೆ.

ಅಲ್ಲಿಂದ ಎಂಟು ಪುಟ ಬರೆದು ಕಳಿಸು, ಕಾಯುತ್ತಿರುತ್ತೇನೆ.